ಎಲ್ಲಕ್ಕೂ ಹೂಂ ಎನ್ನುವ ಸಾಲು

ಚಳ್ಳಕೆರೆಯ ಸ್ಟ್ಯಾಂಡಿನಲ್ಲಿ ಮೊಳಕಾಲ್ಮುರು ಬಸ್ಸು ಇಂಜಿನ್ ಆರಿಸದೆ ನಿಂತಿತ್ತು. ಕಿಟಕಿಯ ಗಾಜುಗಳೆಲ್ಲ ಚಳಿ ಹಿಡಿದವರ ಹಲ್ಲಿನಂತೆ ಕಟಕಟಿಸುತ್ತಿದ್ದವು. ಆ ನಡುಕ ತನ್ನ ಮೊಣಕಾಲಲ್ಲೇ ಹುಟ್ಟಿ ಬಸ್ಸಿಗೆಲ್ಲ ಹಬ್ಬಿದೆಯೇನೋ ಅನ್ನಿಸಿ ಜ್ಯೋತಿಲಕ್ಷ್ಮಿ, ಯಾರಾದರೂ ನೋಡಿಯಾರೆಂದು, ಎರಡೂ ಮೊಣಕಾಲುಗಳನ್ನು ಬ್ಯಾಗಿನಡಿ ಒತ್ತಿ ಹಿಡಿದಳು. ಮುಂದಿನ ಸೀಟಿನಲ್ಲಿ ಮೂಡಲಗಿರಿಯಪ್ಪ ಸರ್ ಕೂತಿದ್ದರು. ಟವೆಲ್ಲಿನಲ್ಲಿ ಸುತ್ತಿದ ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಇಟ್ಟುಕೊಂಡು, ಬಸ್ಸು ಅಲುಗಿದಾಗಲೆಲ್ಲ ಮಲಗಿದ ಕೂಸಿಗೆ ಎಚ್ಚರವಾದೀತೆಂಬಂತೆ ಅದರ ಮೇಲೆ ಅಂಗೈ ಇಡುತ್ತಿದ್ದರು. ಅವರ ಹತ್ತಿರ ಕಂಪ್ಯೂಟರ್ ಕೆಲಸಕ್ಕೆ ಸೇರಿದಂದಿನಿಂದ ಅವಳು ಅವರನ್ನು ಹೆಚ್ಚಾಗಿ ಹಿಂದಿನಿಂದಲೇ ನೋಡಿದ್ದು. ಎಣ್ಣೆ ಗಿರಣಿಯ ಮೇಲಿನ ಆ ಉದ್ದನೆಯ ಕೋಣೆಯಲ್ಲಿ ಅವರ ಮೇಜು ಕಿಟಕಿಗೆ ಮುಖ ಮಾಡಿತ್ತು, ಅವಳದು ಅವರ ಬೆನ್ನಿಗೆ. ಕೆಳಗಿನಿಂದ ಶೇಂಗಾ ಹಿಂಡಿಯ ಬೆಚ್ಚನೆಯ ವಾಸನೆ ಏರಿ ಬರುತ್ತಿತ್ತು. ಕೀಬೋರ್ಡಿನ ಅಕ್ಷರಗಳ ಮೇಲೂ ಒಂದು ತೆಳು ಜಿಡ್ಡು. ಸರ್ ಅವರ ಕತ್ತಿನ ಹಿಂಬದಿಯ ಎರಡು ಮಡಿಕೆಗಳನ್ನು ನೋಡಿಯೇ ಅವರ ಸಿಟ್ಟು ಸಮಾಧಾನ ಅಳೆಯುವುದನ್ನು ಅವಳು ಕಲಿತಿದ್ದಳು. ಇವತ್ತು ಆ ಮಡಿಕೆಗಳು ಬಿಗಿದುಕೊಂಡಿದ್ದವು.

ಪಕ್ಕದಲ್ಲಿ ಇನ್ನೊಬ್ಬರು ಕೂರಬಹುದಾದ ಜಾಗವಿತ್ತು. ಜೊತೆಗೆ ಕೆಲಸ ಮಾಡುವ ಬಾಲರಾಜು ಕೂರಬೇಕಾದ ಜಾಗ. ವೈರು, ಪೆಟ್ಟಿಗೆ, ಪ್ಲಗ್ಗು ಇವೆಲ್ಲ ಬಾಲರಾಜುವಿನ ಕೆಲಸ. ಕಂಪ್ಯೂಟರಿಗೆ ಹೇಳುವ ಸಾಲು ಬರೆಯುವುದು ಇವಳದು. ಶನಿವಾರ ಮೊಳಕಾಲ್ಮುರಿನ ರೇಷ್ಮೆ ಸೀರೆ ಸಂಘದಿಂದ ಸೂರಮ್ಮ ಎಂಬಾಕೆ ಫೋನು ಮಾಡಿ, "ನಿಮ್ಮ ಮಿಷೀನು ಏನ್ ಕೇಳಿದ್ರೂ ನಮಸ್ಕಾರ ಅಂತೈತ್ರಿ ಅಷ್ಟೆ, ಸೀರೆ ಗೀರೆ ಏನೂ ತೋರ್ಸಂಗಿಲ್ಲ" ಅಂದಿದ್ದಳು. ಸರ್ ಒಂದು ಗಳಿಗೆ ಯೋಚಿಸಿ, ನಮಸ್ಕಾರ ಬರುತ್ತಿದೆಯೆಂದರೆ ತಮ್ಮ ಕೋಣೆಯಲ್ಲಿನ ಮುಂದಿನ ಮಿಷೀನು ನೆಟ್ಟಗಿದೆ, ಸೀರೆಗಳ ವಿವರವಿರುವ ಹಿಂದಿನ ಮಿಷೀನಿಗೆ ಹೋಗುವ ವೈರು ಹೋಗಿದೆ ಎಂದು ತೀರ್ಮಾನಿಸಿದರು. ಆ ವೈರಿನ ತುದಿ ಕಟ್ಟಿದವನು ಬಾಲರಾಜು. ಅವನು ಮೂರು ಸಲ ಬಿಚ್ಚಿ ಮೂರು ಸಲ ಕಟ್ಟಿದ. ಸಂಜೆ ಸರ್ ದನಿ ಏರಿಸದೆ ಹೇಳಿದರು: "ಸೋಮವಾರ ನೀನು ಬರಬ್ಯಾಡ. ಮೊದಲು ಒಂದು ತಂತಿ ಕಟ್ಟದು ಕಲ್ತುಕ. ಆಮೇಲೆ ಹೇಳಿ ಕಳಿಸ್ತೀನಿ." ಬಾಲರಾಜು ಇಕ್ಕಳವನ್ನು ಅಂಗಿಯ ತುದಿಯಿಂದ ಒರೆಸಿ ಮೇಜಿನ ಮೇಲಿಟ್ಟ. ಹೋಗುವಾಗ ಇವಳ ಕಡೆ ನೋಡಿ ಸುಮ್ಮನೆ ಹುಬ್ಬು ಹಾರಿಸಿದ, ಬಸ್ಸು ತಪ್ಪಿಸಿಕೊಂಡವರು ಹಾರಿಸುವ ಹಾಗೆ. ಆಗ ಅವಳೊಳಗೆ ಎದ್ದದ್ದು ಮರುಕವಲ್ಲ. ತನ್ನದಲ್ಲವಲ್ಲ ಎಂಬ ಬಿಡುಗಡೆ. ಅದೇ ನಿನ್ನೆಯೆಲ್ಲ ಅವಳನ್ನು ಕೊರೆಯಿತು. ರಾತ್ರಿ ಡೈರಿಯಲ್ಲಿ 'ಪಾಪ ಬಾಲರಾಜು' ಎಂದು ಬರೆದಳು. ಬರೆದ ಮೇಲೆ ನೋಡಿದರೆ ಆ ಮಾತು ಎಷ್ಟು ಅಗ್ಗವಾಗಿ ಕಂಡಿತೆಂದರೆ ಪುಟ ಮಗುಚಿಬಿಟ್ಟಳು.

ಬಸ್ಸಿನ ಬಾಗಿಲ ಪಕ್ಕದ ಮೊದಲ ಸೀಟಿನಲ್ಲಿ ಕೆಂಪು ರುಮಾಲಿನ ಯಜಮಾನನೊಬ್ಬ ಕೂತಿದ್ದ. ಕೋಲನ್ನು ಎರಡು ಮೊಣಕಾಲ ನಡುವೆ ನಿಲ್ಲಿಸಿಕೊಂಡು, ಅದರ ಮೇಲೆ ಗದ್ದ ಊರಿ, ಹತ್ತುವವರನ್ನೆಲ್ಲ ಬೀಗರ ಮನೆಯ ಹಿರಿಯನಂತೆ ಬರಮಾಡಿಕೊಳ್ಳುತ್ತಿದ್ದ. "ಹಾನಗಲ್ಲಿಗೆ ಹೋಗ್ತದಾ?" ಎಂದು ಯಾರೋ ಕೇಳಿದರು. "ಹೂಂ, ಹತ್ತು." "ಕೊಂಡ್ಲಹಳ್ಳಿ?" "ಹೂಂ ಹೂಂ, ಹತ್ತಮ್ಮ." ಒಬ್ಬ ಮುದುಕಿ ಮೆಟ್ಟಿಲಿಗೆ ಗಂಟು ಒರಗಿಸಿ, ತೆಲುಗಿನಲ್ಲಿ, "ರಾಯದುರ್ಗಂ ಪೋತುಂದಾ ನಾಯನಾ?" ಅಂದಳು. "ಪೋತುಂದಿ, ಎಕ್ಕಮ್ಮಾ ಎಕ್ಕು." ಹೋಗ್ತದೆ, ಹತ್ತು ಎಂದು ಅವನೂ ತೆಲುಗಿನಲ್ಲೇ ಅಂದ. ಸುಮ್ಮನೆ ನೋಡುತ್ತಿದ್ದ ಜ್ಯೋತಿಲಕ್ಷ್ಮಿಗೆ ದೊಡ್ಡಪ್ಪನ ನೆನಪಾಯಿತು. ದೊಡ್ಡಪ್ಪ ಮಾರಣ್ಣನೂ ಹೀಗೆಯೇ. ಮನೆಯ ಜಗಲಿಯಲ್ಲಿ ಕೂತು ಯಾರು ಯಾರನ್ನು ಏನು ಕೇಳಿದರೂ ಉತ್ತರ ಅವನದೇ. ಏನಮ್ಮ ಓದ್ತಿದೀಯ ಎಂದು ನೆಂಟರು ಇವಳನ್ನು ಕೇಳಿದರೆ, "ಕಂಪ್ಯೂಟ್ರು" ಎಂದು ಅವನೇ ಹೇಳುತ್ತಿದ್ದ. ಎಷ್ಟನೇ ಕ್ಲಾಸು ಅಂದರೂ ಕಂಪ್ಯೂಟ್ರು. ಅವಳಿಗೆ ಅದು ಒಳ್ಳೆಯದೇ ಅನ್ನಿಸುತ್ತಿತ್ತು. ಉತ್ತರಿಸುವ ಕಷ್ಟ ತಪ್ಪುತ್ತಿತ್ತು. ಒಳಗೆ ಹೋಗಿ ಅವ್ವನ ಹಿಂದೆ ನಿಂತು ಸೆರಗಿನ ನೂಲು ಎಣಿಸುತ್ತ ಇದ್ದರಾಯಿತು.

ಅದೇ ದೊಡ್ಡಪ್ಪ ಅಕ್ಕನ ಮದುವೆಯಲ್ಲಿ ಊಟ ಮಾಡಲಿಲ್ಲ. ಲಗ್ನಪತ್ರಿಕೆಯ ಕರಡು ಬರೆದವಳು ಇವಳು, ಅಕ್ಷರ ಚೆಂದವೆಂದು. ಹೆಸರುಗಳ ಸಾಲು ಬರೆಯುವಾಗ ದೊಡ್ಡಪ್ಪನ ಹೆಸರು ಎಲ್ಲರ ನಡುವೆ ನುಗ್ಗಾಡುವುದು ಬೇಡ, ಅವನ ಹೆಸರಿಗೆ ಸುತ್ತ ಜಾಗವಿರಲಿ ಎಂದು ಕೊನೆಗೆ ಬೇರೆಯಾಗಿ ಬರೆದಳು. ಅವಳ ಮನಸ್ಸಿನಲ್ಲಿ ಅದು ಗದ್ದುಗೆ. ಪ್ರೆಸ್ಸಿನವನು ಅದನ್ನು ಎಲ್ಲರಿಗಿಂತ ಕೆಳಗೆ, ಮುದ್ರಕರ ಹೆಸರಿಗೆ ಅಂಟಿದಂತೆ ಒತ್ತಿಬಿಟ್ಟ. ಮದುವೆಯ ದಿನ ದೊಡ್ಡಪ್ಪ ಚಪ್ಪರಕ್ಕೆ ಬೆನ್ನು ಮಾಡಿ ಟ್ರ್ಯಾಕ್ಟರಿನ ಮೂತಿಯ ಮೇಲೆ ಕೂತಿದ್ದ. ಅಪ್ಪ ಹೋಗಿ ಕೈ ಹಿಡಿದ, ಅವ್ವ ಹೋಗಿ ಕಾಲು ಮುಟ್ಟಿದಳು. ಕೊನೆಗೆ ಇವಳನ್ನು ಕಳಿಸಿದರು. ಅವನು ಇವಳ ಮುಖವನ್ನು ಸಹ ನೋಡದೆ, "ಓದಿದೋಳು ನೀನು. ಮೇಲ್ಯಾವುದು ಕೆಳಗ್ಯಾವುದು ಗೊತ್ತಾಗ್ಲಿಲ್ವೇನು?" ಅಂದ. ಎಲೆಯ ಮೇಲೆ ಅನ್ನ ಆರುತ್ತಿತ್ತು. ಈಗಲೂ ಯಾವುದಾದರೂ ಕಾಗದದಲ್ಲಿ ಹಿರಿಯರ ಹೆಸರು ಕೆಳಗೆ ಕಂಡರೆ ಅವಳ ಹೊಟ್ಟೆಯಲ್ಲಿ ಆ ಆರಿದ ಅನ್ನ ಮಿಸುಕುತ್ತದೆ.

ಬಸ್ಸು ಹೊರಟಿತು. ಊರ ಹೊರಗಿನ ಎಣ್ಣೆ ಗಿರಣಿಗಳು, ಕುರಿ ಸಂತೆಯ ಬಯಲು, ಆಮೇಲೆ ಜಾಲಿ ಮತ್ತು ಬಂಡೆ. ಕಂಡಕ್ಟರ್ ಹೊನ್ನೂರಸ್ವಾಮಿ ಹಿಂದಿನಿಂದ ಟಿಕೇಟು ಹರಿಯುತ್ತ ಬಂದವನು ನಡುವೆ ಒಮ್ಮೆಲೆ ಸೀಟಿ ಊದಿದ. ಗಂಡ ಹೆಂಡತಿ ಇಬ್ಬರು ನಾಯಕನಹಟ್ಟಿಗೆ ಎಂದು ಕೈ ಚಾಚಿದ್ದರು. "ಯಾರ್ರೀ ಹೇಳಿದ್ದು ನಿಮಗೆ ಇದು ಹಟ್ಟಿ ಬಸ್ಸು ಅಂತ?" "ಅಗಾ, ಅಲ್ಲಿ ಕುಂತಾರಲ್ಲ ಯಜಮಾನ್ರು, ಅವರು." ರಾಯದುರ್ಗದ ಮುದುಕಿಯೂ ಎದ್ದು ನಿಂತಳು. ಚಿತ್ರದುರ್ಗಕ್ಕೆ ಹೊರಟಿದ್ದ ಒಬ್ಬ ಮೇಷ್ಟ್ರು, ಬಸ್ಸು ಉತ್ತರಕ್ಕೆ ಹೋಗುತ್ತಿದೆಯೆಂದು ಆಗಲೇ ಗೊತ್ತಾದರೂ ನಾಚಿಕೆಗೆ ಸುಮ್ಮನಿದ್ದವರು, ಈಗ ಬಾಯಿ ಬಿಟ್ಟರು. ಬಸ್ಸೆಲ್ಲ ನಗೆ. ಹೊನ್ನೂರಸ್ವಾಮಿ ಯಜಮಾನನ ಮುಂದೆ ಸೊಂಟಕ್ಕೆ ಕೈ ಕೊಟ್ಟು ನಿಂತ.

"ಏನ್ ಯಜಮಾನ್ರೆ, ಇದು ಯಾವೂರಿಗೆ ಹೋಗ್ತೈತೆ ಅಂತ ನಿಮಗೆ ಗೊತ್ತೈತಾ?"

"ನಾನು ಮೊಳಕಾಲ್ಮುರಿಗಪ್ಪ."

"ನೀವಲ್ಲ. ಬಸ್ಸು."

"ಹೋಗ್ತೈತೆ ಬಿಡು, ಎಲ್ಲಿಗೋ ಒಂದು ಕಡೆಗೆ. ಕೇಳ್ದೋರಿಗೆ ಇಲ್ಲ ಅನ್ನಾಕಾಗ್ತದೇನು?"

"ಬಾಗಿಲಾಗೇ ಕುಂತು ನೀವು ಹೂಂ ಹೂಂ ಅಂದ್ರೆ ನನ್ನನ್ನ ಕೇಳಾರು ಯಾರು? ನನ್ನ ತನಕ ಯಾರೂ ಬರಂಗೇ ಇಲ್ಲವಲ್ಲ. ಏಳ್ರಿ ಮೇಲೆ, ಹಿಂದಿನ ಸೀಟಿಗೆ ನಡೀರಿ. ಅಲ್ಲಿ ಕುಂತು ಯಾರಿಗೆ ಬೇಕಾದ್ರೂ ಹೂಂ ಅನ್ರಿ."

ಯಜಮಾನ ಬೇಸರವೇನೂ ಮಾಡಿಕೊಳ್ಳದೆ ಕೋಲೂರಿ ಎದ್ದು, ಇವಳ ಸೀಟಿನ ಪಕ್ಕದಲ್ಲೇ ಹಾದು ಹಿಂದಕ್ಕೆ ಹೋದ. ಅವನ ಹೆಗಲ ಕಂಬಳಿಯ ಉಣ್ಣೆ ಅವಳ ಕೆನ್ನೆಗೆ ಉಜ್ಜಿತು. ಆ ಕ್ಷಣದಲ್ಲಿ, ಎಲ್ಲರೂ ಇನ್ನೂ ನಗುತ್ತಿರುವಾಗ, ಅವಳ ಒಳಗಿನ ನಗೆ ಅರ್ಧಕ್ಕೆ ನಿಂತುಹೋಯಿತು.

ನನ್ನ ತನಕ ಯಾರೂ ಬರಂಗೇ ಇಲ್ಲವಲ್ಲ.

ಶುಕ್ರವಾರ ಸಂಜೆ. ಸಂಘಕ್ಕೆಂದು ಸರ್ ಕಟ್ಟಿದ ಇಂಟರ್ನೆಟ್ ಸೇವೆಗೆ ದೂರದ ಅಂಗಡಿಗಳ ಕಂಪ್ಯೂಟರುಗಳು ಬೇರೆ ಬೇರೆ ವಿಳಾಸ ಹಿಡಿದು ಬಂದು ಕೇಳುತ್ತವೆ: ಈ ನಂಬರಿನ ಸೀರೆ ಮಗ್ಗದ ಮೇಲಿದೆಯೇ, ಇದು ಯಾವ ನೇಕಾರರ ಕೈಯದು, ಈ ಅಂಚಿನದು ಇನ್ನೊಂದು ಸಿಕ್ಕೀತೇ. ಯಾವ ವಿಳಾಸ ಬಂದರೆ ಯಾರ ಹತ್ತಿರ ಕಳಿಸಬೇಕೆಂದು ಹೇಳುವುದಕ್ಕೆ ಒಂದು ಫೈಲು. ಅದರಲ್ಲಿ ಸೀರೆಗೊಂದು, ನೇಕಾರರಿಗೊಂದು, ಬೇಡಿಕೆಗೊಂದು ಸಾಲನ್ನು ಅವಳು ಬರೆದಳು. ಮೂರನ್ನೂ ಪರೀಕ್ಷಿಸಿದಳು, ಮೂರೂ ಸರಿ ಉತ್ತರ ಕೊಟ್ಟವು. ಆಗ ಕೆಳಗೆ ನೋಡಿದರೆ ಸರ್ ಅವರದೊಂದು ಹಳೆಯ ಸಾಲು. ಒಂದು ಓರೆಗೆರೆ, ಒಂದು ನಕ್ಷತ್ರ. ಅಂದರೆ ಯಾವ ವಿಳಾಸವಾದರೂ ಸರಿ. ಪಕ್ಕದಲ್ಲಿ, ಬರೆದವರೆಂದು, ಅವರ ಹೆಸರು: ಮೂಡಲಗಿರಿಯಪ್ಪ. ಆ ಸಾಲಿಗೆ ಬಂದವರಿಗೆ 'ನಮಸ್ಕಾರ. ನಿಮ್ಮ ಕೋರಿಕೆ ತಲುಪಿದೆ' ಎಂಬ ಉತ್ತರ ಹೋಗುತ್ತದೆ. ಈ ಸೇವೆಗೆಂದು ಸರ್ ಮೊದಲು ಬರೆದ ಸಾಲೇ ಅದು. ಪರದೆಯ ಮೇಲೆ ಕನ್ನಡ ಮೂಡಿದ ದಿನ ಎಲ್ಲರಿಗೂ ಮಂಡಕ್ಕಿ ಮೆಣಸಿನಕಾಯಿ ಕೊಡಿಸಿದ್ದರಂತೆ. ಅಂಥ ಸಾಲು, ಅಂಥ ಹೆಸರು, ಮೊನ್ನೆ ಮೊನ್ನೆ ಬಂದ ಇವಳ ಮೂರು ಸಾಲುಗಳ ಕೆಳಗೆ, ಫೈಲಿನ ತಳದಲ್ಲಿ. ಆರಿದ ಅನ್ನ ಮಿಸುಕಿತು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಅವಳು ಆ ಸಾಲನ್ನು ಅಲ್ಲಿಂದ ಎತ್ತಿ ಎಲ್ಲದರ ಮೇಲೆ ಇಟ್ಟಳು. ಜಗಲಿಯ ಮೇಲೆ ಹಿರಿಯರಿಗೆ ಚಾಪೆ ಹಾಸಿದಷ್ಟು ಸಮಾಧಾನವಾಯಿತು. ಬರೀ ಜಾಗ ಬದಲಾಯಿಸಿದ್ದು; ಮತ್ತೆ ಪರೀಕ್ಷಿಸುವುದಕ್ಕೇನಿದೆ ಎಂದು ಮನೆಗೆ ಹೋದಳು.

ಸೇವೆಯನ್ನು ನಡೆಸುವ ಜಾವಾ ತಂತ್ರಾಂಶದ ಚೌಕಟ್ಟು ಆ ಫೈಲನ್ನು ಮೇಲಿನಿಂದ ಕೆಳಕ್ಕೆ ಓದುತ್ತದೆ. ಹೊಂದುವ ಮೊದಲ ಸಾಲು ಸಿಕ್ಕಿದೊಡನೆ ಅಲ್ಲಿಗೆ ಒಪ್ಪಿಸಿ ನಿಲ್ಲುತ್ತದೆ. ಇದನ್ನು ಅವಳು ಓದಿದ್ದಳು, ಅಡಿಗೆರೆ ಕೂಡ ಹಾಕಿದ್ದಳು. ಪರೀಕ್ಷೆಗೆ ಓದಿದ ಹಾಗೆ, ತನ್ನ ಬದುಕಿಗೆ ಸಂಬಂಧವಿಲ್ಲದ ಹಾಗೆ. ಈಗ ಕಣ್ಣ ಮುಂದೆ ನಡೆದಂತಿತ್ತು. ಸೀರೆ ಕೇಳಿ ಬಂದವರು, ನೇಕಾರರ ಹೆಸರು ಕೇಳಿ ಬಂದವರು, ಎಲ್ಲರೂ ಬಾಗಿಲಲ್ಲೇ ಕೂತ ಕೆಂಪು ರುಮಾಲಿನ ನಕ್ಷತ್ರಕ್ಕೆ ಸಿಕ್ಕಿ, ನಮಸ್ಕಾರ ಹೇಳಿಸಿಕೊಂಡು, ತಪ್ಪು ಬಸ್ಸಿನಲ್ಲಿ ಕೂತು ಹೋಗುತ್ತಿದ್ದಾರೆ. ಅವಳ ಮೂರು ಸಾಲುಗಳು ಒಳಗೆ ಸೆರಗಿನ ನೂಲು ಎಣಿಸುತ್ತ ನಿಂತಿವೆ. ವೈರು ಸರಿಯಾಗಿಯೇ ಇತ್ತು. ಬಾಲರಾಜು ಮೂರು ಸಲವೂ ಸರಿಯಾಗಿಯೇ ಕಟ್ಟಿದ್ದ.

ಆಮೇಲೆ ಮುಂದಿನದು ಹೊಳೆಯಿತು. ವೈರೇ ಬೇಡವೆಂದು ಸರ್ ಶನಿವಾರವೇ ಬಾಲರಾಜುವಿನ ಕೈಯಲ್ಲಿ ಎಲ್ಲವನ್ನೂ ಈ ಲ್ಯಾಪ್‌ಟಾಪಿಗೆ ತುಂಬಿಸಿ ತಂದಿದ್ದಾರೆ. ಅವಳ ಫೈಲೂ ಅದರೊಳಗಿದೆ. ಇವತ್ತು ಸಂಘದ ಕಾರ್ಯದರ್ಶಿ ಮುರುಗೇಂದ್ರಪ್ಪನವರ ಮುಂದೆ ಅದು ಮತ್ತೆ ನಮಸ್ಕಾರ ಅನ್ನುತ್ತದೆ. ಮತ್ತೆ ಬಾಲರಾಜು ಸಿಕ್ಕಿಬೀಳುತ್ತಾನೆ, ಈ ಸಲ ಪೂರ್ತಿ. ಹೇಳಬೇಕು. ಮುಂದಿನ ಸೀಟು ಒಂದು ಮೊಳ ದೂರ. 'ಸಾರ್' ಎಂಬ ಒಂದು ಮಾತು. ಅದನ್ನು ಬಾಯಲ್ಲಿ ಕಟ್ಟಿಕೊಂಡು ನಾಲಿಗೆಯ ತುದಿಗೆ ತಂದಾಗ ಸರ್ ಕತ್ತು ಕೆರೆದುಕೊಂಡರು, ಮಾತು ಒಳಕ್ಕೆ ಸರಿಯಿತು. ತಳಕಿನಲ್ಲಿ ಹೇಳುತ್ತೇನೆ ಅಂದುಕೊಂಡಳು. ತಳಕಿನಲ್ಲಿ ಸೌತೆಕಾಯಿ ಮಾರುವವರು ಹತ್ತಿ ಗದ್ದಲವಾಯಿತು. ಏನೆಂದು ಹೇಳುವುದು? ನಿಮ್ಮನ್ನು ಕೆಳಗೆ ಇಳಿಸಬೇಕು ಸಾರ್ ಎಂದೇ? ಕೊಂಡ್ಲಹಳ್ಳಿ ಬಂತು, ಅವಳ ಊರು. ಬೆಳಿಗ್ಗೆ ಇಲ್ಲಿಂದ ಹೊರಟು ಚಳ್ಳಕೆರೆಗೆ ಹೋಗಿ ಮತ್ತೆ ಇದೇ ಊರನ್ನು ದಾಟುತ್ತಿರುವುದು ಯಾಕೋ ನಗೆಪಾಟಲಿನಂತೆ ಕಂಡಿತು. ಕಟ್ಟೆಯ ಮೇಲೆ ದೊಡ್ಡಪ್ಪ ಮಾರಣ್ಣ ಕೂತಿದ್ದ, ಯಾರಿಗೋ ಏನೋ ಹೇಳುತ್ತಿದ್ದ. ಅವಳು ತಲೆ ತಗ್ಗಿಸಿದಳು. ಬಸ್ಸು ಹೊರಟ ಮೇಲೂ ಬಹಳ ಹೊತ್ತು ತಗ್ಗಿಸಿಯೇ ಇದ್ದಳು, ಎತ್ತಿದರೆ ಹೇಳಬೇಕಾಗುತ್ತದೆ ಎಂಬಂತೆ.

ಸಂಘದ ಕಚೇರಿಯ ಹೊರಗೆ ಮಗ್ಗದ ಸದ್ದು ಬೀದಿಗೂ ಕೇಳುತ್ತಿತ್ತು. ಒಳಗೆ ಗೋಡೆಯುದ್ದಕ್ಕೂ ಕಪಾಟು, ಕಪಾಟಿನೊಳಗೆ ಬಿಳಿಯ ಬಟ್ಟೆ ಹೊದ್ದ ಸೀರೆಗಳು. ಮುರುಗೇಂದ್ರಪ್ಪ ಕುರ್ಚಿಯ ಮೇಲೆ ಒಂದು ಕಾಲು ಮಡಿಸಿ ಕೂತಿದ್ದರು. ಶನಿವಾರ ಫೋನು ಮಾಡಿದ್ದ ಸೂರಮ್ಮ ಟೀ ತಂದಿಟ್ಟು, ಜ್ಯೋತಿಲಕ್ಷ್ಮಿಯನ್ನು ನೋಡಿ, "ಕುಂತ್ಕ ತಾಯಿ, ನಿಂತೇ ಇದೀಯಲ್ಲ" ಅಂದಳು. ಕೂತರೆ ಸರ್ ಅವರ ಸಮಕ್ಕೆ ಕೂತಂತಾಗುತ್ತದೆ. ಅವಳು ಕಪಾಟಿಗೆ ಒರಗಿ ನಿಂತೇ ಇದ್ದಳು. ಸರ್ ಟವೆಲ್ಲು ಬಿಚ್ಚಿ, ಲ್ಯಾಪ್‌ಟಾಪು ತೆರೆದು, ಕನ್ನಡಕ ಏರಿಸಿ, ವಿಳಾಸ ಬರೆದರು. ಓರೆಗೆರೆ, ಸೀರೆ, ಓರೆಗೆರೆ, ಒಂದು ನಂಬರು. ಅವಳು ಕಣ್ಣು ಮುಚ್ಚಿದಳು. ಎಂಟರ್ ಒತ್ತಿದ ಸದ್ದು ಮಗ್ಗದ ಸದ್ದಿನೊಳಗೆ ಕರಗಿಹೋಯಿತು.

"ನಮಸ್ಕಾರ. ನಿಮ್ಮ ಕೋರಿಕೆ ತಲುಪಿದೆ," ಎಂದು ಮುರುಗೇಂದ್ರಪ್ಪ ಗಟ್ಟಿಯಾಗಿ ಓದಿದರು. "ಸರಿ, ತಲುಪ್ತಲ್ಲ. ಸೀರೆ ಎಲ್ಲಿ?"

ಸರ್ ನೇಕಾರರ ವಿಳಾಸ ಬರೆದರು. ನಮಸ್ಕಾರ. ಬೇಡಿಕೆಯ ವಿಳಾಸ. ನಮಸ್ಕಾರ.

"ಮೂಡಲಗಿರಿಯಪ್ನೋರೆ, ನಿಮ್ಮ ಮಿಷೀನು ಬಲು ಸಂಸ್ಕಾರವಂತ ಐತೆ ಕಣ್ರಿ. ಏನ್ ಕೇಳಿದ್ರೂ ಕೈ ಮುಗೀತೈತೆ. ನಮ್ಮ ಅಳಿಯನೂ ಹಿಂಗೇ. ಹೂಂ ಮಾವಾ ಹೂಂ ಮಾವಾ ಅಂತಾನೆ, ಒಂದು ಕೆಲಸನೂ ಮಾಡಂಗಿಲ್ಲ."

ಸೂರಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಸರ್ ಕತ್ತಿನ ಮಡಿಕೆಗಳು ಕೆಂಪಾದವು. ಅವರು ಜೇಬಿನಿಂದ ಫೋನು ತೆಗೆದು, ಗುಂಡಿಗಳನ್ನು ಒಂದೊಂದಾಗಿ ಒತ್ತಿ ಕಿವಿಗಿಟ್ಟುಕೊಂಡರು. "ಲೇ ಬಾಲರಾಜು, ಏನು ತುಂಬಿಸಿ ಕೊಟ್ಟೀಯೋ ಇದರಾಗೆ? ನಾಲ್ಕು ಜನದ ಮುಂದೆ ನನ್ನ ಮರ್ಯಾದಿ..." ಫೋನಿನ ಆ ಕಡೆಯಿಂದ ಬಾಲರಾಜುವಿನ ದನಿ ಸಣ್ಣಗೆ, ಇರುವೆ ನಡೆದ ಹಾಗೆ ಕೇಳುತ್ತಿತ್ತು. ಅವನು ವಾದಿಸುತ್ತಿರಲಿಲ್ಲ. ಹೂಂ ಸಾರ್, ಹೂಂ ಸಾರ್ ಅನ್ನುತ್ತಿದ್ದ. ತಾನು ಮಾಡದ್ದಕ್ಕೆಲ್ಲ ಹೂಂ ಅನ್ನುತ್ತಿದ್ದ. ಅದು ಅವಳಿಗೆ ತಡೆಯಲಾಗಲಿಲ್ಲ.

"ಅವರಲ್ಲ ಸಾರ್," ಅಂದಳು.

ಯಾರಿಗೂ ಕೇಳಲಿಲ್ಲ. ಮಗ್ಗ ನಡೆದೇ ಇತ್ತು. ಒಮ್ಮೆ ಹೇಳಿ ಕೇಳಿಸದೆ ಹೋದ ಮಾತನ್ನು ಮತ್ತೆ ಹೇಳುವುದರಷ್ಟು ನಾಚಿಕೆಯ ಕೆಲಸ ಅವಳಿಗೆ ಬೇರೆ ಇರಲಿಲ್ಲ. ತರಗತಿಯಲ್ಲಿ ಹಾಜರಿ ಕೂಗಿದಾಗ ಮೇಡಂಗೆ ಕೇಳಿಸದೆ ಎಷ್ಟೋ ದಿನ ಗೈರುಹಾಜರಿ ಬಿದ್ದಿತ್ತು, ಅವಳು ಮೊದಲ ಬೆಂಚಿನಲ್ಲೇ ಕೂತಿದ್ದರೂ. ಸೂರಮ್ಮನೊಬ್ಬಳು ತಿರುಗಿ ನೋಡಿ, "ಸಾಹೇಬ್ರೆ, ಈ ಹುಡುಗಿ ಏನೋ ಅಂತೈತೆ ನೋಡ್ರಿ" ಅಂದಳು. ಎಲ್ಲರ ಮುಖವೂ ಇವಳ ಕಡೆಗಾಯಿತು. ಮಾತಿಗಿಂತ ಕೈ ಸುಲಭವೆನ್ನಿಸಿ ಅವಳು ಮುಂದೆ ಬಂದು, "ಸ್ವಲ್ಪ ಸರೀರಿ ಸಾರ್" ಅಂದಳು. ಅಂದ ಮೇಲೆ ತಾನೇ ಬೆಚ್ಚಿದಳು. ಸರ್ ಫೋನು ಹಿಡಿದುಕೊಂಡೇ ಸರಿದರು. ಅವರ ಕುರ್ಚಿಯಲ್ಲಿ, ಅವರ ಕಾವು ಇನ್ನೂ ಇದ್ದ ಕುರ್ಚಿಯಲ್ಲಿ, ತುದಿಗೆ ಕೂತಳು.

ಫೈಲು ತೆರೆದಳು. ಎಲ್ಲದರ ಮೇಲೆ ನಕ್ಷತ್ರದ ಸಾಲು, ಅದರ ಪಕ್ಕ ಅವರ ಹೆಸರು. ಬೆನ್ನ ಹಿಂದೆ ಸರ್ ಬಾಗಿ ನೋಡುತ್ತಿದ್ದರು. ಈಗ ಅವಳ ಕತ್ತು ಅವರಿಗೆ ಕಾಣುತ್ತಿತ್ತು. ಅವಳು ಆ ಸಾಲಿನ ಮೇಲೆ ನೀಲಿ ಹಚ್ಚಿದಳು. ಕತ್ತರಿಸಿದಳು. ಒಂದು ಗಳಿಗೆ ಅವರ ಹೆಸರು ಪರದೆಯ ಮೇಲೆ ಎಲ್ಲಿಯೂ ಇರಲಿಲ್ಲ. ಟ್ರ್ಯಾಕ್ಟರಿನ ಮೂತಿಯ ಮೇಲೆ ಬೆನ್ನು ಮಾಡಿ ಕೂತವನ ಅಗಲ ಬೆನ್ನು ಕಂಡಿತು. ಅವಳ ಬೆರಳು ಗುಂಡಿಯ ಮೇಲೆ ನಿಂತುಬಿಟ್ಟಿತು. ಫೋನಿನಲ್ಲಿ ಬಾಲರಾಜು, "ಸಾರ್, ಇದೀರಾ ಸಾರ್?" ಅನ್ನುತ್ತಿದ್ದ. ಅವಳು ಒಂದೊಂದೇ ಸಾಲು ಕೆಳಗೆ ಇಳಿದಳು: ಸೀರೆ, ನೇಕಾರ, ಬೇಡಿಕೆ. ಅದರ ಕೆಳಗೆ, ಫೈಲಿನ ತಳದಲ್ಲಿ, ಮುದ್ರಕರ ಹೆಸರು ಇರುವ ಜಾಗದಲ್ಲಿ, ಅವರ ಸಾಲನ್ನು ಇಟ್ಟಳು. ಉಳಿಸಿದಳು. ಸೇವೆಯನ್ನು ನಿಲ್ಲಿಸಿ ಮತ್ತೆ ಶುರು ಮಾಡಿದಳು. ಅದು ಎದ್ದಿತು. ವಿಳಾಸ ಬರೆದು ಎಂಟರ್ ಒತ್ತಿದಳು.

ಸೀರೆ ಬಂತು. ನಂಬರು, ಬಣ್ಣ, ಅಂಚು, ಮಗ್ಗದಿಂದ ಇಳಿದಿದೆ ಎಂಬ ಮಾತು. ನೇಕಾರರದು ಬಂತು: ಕರಿಯಕ್ಕ, ಮೊಳಕಾಲ್ಮುರು.

"ಅಗಾ, ಕರಿಯಕ್ಕಂದೇ," ಅಂದಳು ಸೂರಮ್ಮ, ಬೀದಿಯಲ್ಲಿ ಹೋಗುತ್ತಿದ್ದವಳನ್ನು ಗುರುತಿಸಿದ ಹಾಗೆ. "ಮೊನ್ನೆ ತಾನೆ ತಂದು ಕೊಟ್ಟಾಳೆ. ಈ ಕಪಾಟಿನಾಗೇ ಐತೆ."

ಮುರುಗೇಂದ್ರಪ್ಪ ಮಡಿಸಿದ ಕಾಲು ಇಳಿಸಿ ಮುಂದೆ ಬಾಗಿದರು. "ಇನ್ನೊಂದು ಕೇಳು ನೋಡಾನ. ಬ್ಯಾಡ, ತಡಿ, ನಾನೇ ಕೇಳ್ತೀನಿ." ಅವರು ಒಂದು ಬೆರಳಿನಲ್ಲಿ ಕುಟ್ಟಿ ಕುಟ್ಟಿ ಬರೆದು, ಸೀರೆಯಲ್ಲದ, ನೇಕಾರರಲ್ಲದ, ಏನೂ ಅಲ್ಲದ ಒಂದು ವಿಳಾಸ ಹಾಕಿ ಒತ್ತಿದರು. ಯಾವ ಸಾಲಿಗೂ ಹೊಂದದ ಆ ಕೇಳಿಕೆ ಮೂರನ್ನೂ ದಾಟಿ ತಳಕ್ಕೆ ಬಂತು. ನಮಸ್ಕಾರ. ನಿಮ್ಮ ಕೋರಿಕೆ ತಲುಪಿದೆ. "ಹಾಂ," ಎಂದು ಅವರು ಹಿಂದಕ್ಕೆ ಒರಗಿದರು. "ಈಗ ನಮಸ್ಕಾರ ಅಂದ್ರೆ ಒಂದು ಬೆಲೆ ಐತೆ."

ಸರ್ ಕನ್ನಡಕ ತೆಗೆದು ಟವೆಲ್ಲಿನಿಂದ ಒರೆಸುತ್ತಿದ್ದರು, ಬಹಳ ಹೊತ್ತಿನಿಂದ ಒಂದೇ ಗಾಜನ್ನು.

"ನನ್ನ ಸಾಲು ಮೇಲಕ್ಕೆ ಯಾವಾಗ ಹೋತಮ್ಮ?"

"ಶುಕ್ರವಾರ ಸಾರ್. ನಾನೇ ಇಟ್ಟೆ. ಬಾಲರಾಜು ಅಲ್ಲ. ವೈರು ಸರಿ ಇತ್ತು."

"ಅಲ್ಲಮ್ಮ, ಯಾಕೆ?"

ಸುಳ್ಳು ಹುಡುಕಿದಳು, ಸಿಗಲಿಲ್ಲ. "ನಿಮ್ಮ ಹೆಸರು ಎಲ್ಲಕ್ಕಿಂತ ಕೆಳಗಿತ್ತು ಸಾರ್."

ಮುರುಗೇಂದ್ರಪ್ಪ ನಕ್ಕ ನಗೆಗೆ ಹೊರಗಿನ ಮಗ್ಗವೊಂದು ನಿಂತು ಯಾರೋ ಇಣುಕಿ ನೋಡಿದರು. ಸರ್ ನಗಲಿಲ್ಲ. ಅವಳು ಬೈಗುಳಕ್ಕೆ ಹೆಗಲು ಕುಗ್ಗಿಸಿ ಕೂತಳು. ಆದರೆ ಅವರು ಪರದೆಯ ತಳದಲ್ಲಿದ್ದ ತಮ್ಮ ಹೆಸರನ್ನು, ಊರು ಬಿಟ್ಟು ಬಹಳ ದಿನಕ್ಕೆ ಬಂದವರು ತಮ್ಮ ಮನೆಯ ಬಾಗಿಲು ನೋಡುವ ಹಾಗೆ, ನೋಡುತ್ತಿದ್ದರು. "ನಾನೇ ಕುಂತಿದ್ದೆ ಕಣಮ್ಮ ಅಲ್ಲಿ," ಅಂದರು. "ಬೇಕಂತಲೇ. ಮದುವಿ ಮನೆಯಾಗೆ ಕೊನೇ ಪಂಕ್ತಿಗೆ ಯಜಮಾನ ಕೂರ್ತಾನಲ್ಲ, ಯಾರು ಉಳಿದ್ರು ನೋಡಾಕೆ. ನೀನು ನನ್ನ ಮೊದಲ ಪಂಕ್ತಿಗೇ ಕೂರ್ಸಿಬಿಟ್ಟೆ. ಎಲ್ಲಾರದೂ ನಾನೇ ಉಂಡೆ." ಆಗ ಪರದೆಗೆ ಬಾಗಿದ್ದ ಅವರ ಕತ್ತಿನ ಮಡಿಕೆ ಸಡಿಲವಾಯಿತು. ಅವರ ಮುಖ ಪಕ್ಕದಲ್ಲೇ ಇದ್ದರೂ ಅವಳು ನೋಡಿದ್ದು ಅದನ್ನೇ.

ಫೋನು ಇನ್ನೂ ಕಟ್ಟಾಗಿರಲಿಲ್ಲ. ಸರ್ ಅದನ್ನು ಕಿವಿಗೆ ಹಿಡಿದು, ಗಂಟಲು ಸರಿ ಮಾಡಿಕೊಂಡು, "ಲೇ... ನಾಳೆ ಜಲ್ದಿ ಬಾ. ವೈರು ಸರಿ ಐತಂತೆ" ಅಂದರು. ಅದಕ್ಕಿಂತ ಹೆಚ್ಚು ಅವರಿಂದ ಆಗಲಿಲ್ಲ. ಫೋನನ್ನು ಇವಳ ಕೈಗೆ ತುರುಕಿ ಟೀ ಲೋಟ ಎತ್ತಿಕೊಂಡರು, ಆರಿದ್ದರೂ ಊದಿ ಕುಡಿದರು.

"ನಾನೇ ಮಾಡಿದ್ದು ಬಾಲರಾಜು," ಅಂದಳು. ಈ ಸಲ ದನಿ ತಾನಾಗಿಯೇ ಗಟ್ಟಿಯಿತ್ತು. "ನನ್ನಿಂದ ಆಗಿದ್ದು. ಸಾರ್ ಮುಂದೆ ಹೇಳಿದೀನಿ."

"ಸಾರ್ ಮುಂದೆ ಹೇಳಿದ್ರೆ ಏನ್ ಬಂತ್ರಿ?" ಅಂದ ಬಾಲರಾಜು. "ಬಂದು ನಮ್ಮವ್ವನ ಮುಂದೆ ಹೇಳ್ರಿ. ಶನಿವಾರದಿಂದ ಮಿಕ್ಸಿ ಕೂಡ ಮುಟ್ಟಾಕೆ ಬಿಟ್ಟಿಲ್ಲ ನನ್ನ. ಸುಟ್ಟು ಹಾಕ್ತೀಯ, ದೂರ ನಿಂತ್ಕ ಅಂತಾಳೆ."

"ಬರ್ತೀನಿ," ಅಂದಳು.

"ನಿಜವಾಗ್ಲೂ ಬರ್ತೀರಾ?" ಎಂದು ಅವನೇ ಗಾಬರಿಯಾದ.

ಮರಳುವ ಬಸ್ಸು ತುಂಬಿತ್ತು. ಸರ್ ಲ್ಯಾಪ್‌ಟಾಪನ್ನು ಅವಳ ಕೈಗೆ ಕೊಟ್ಟು, ತಾವು ಹಿಂದಿನ ಉದ್ದ ಸೀಟಿನಲ್ಲಿ ನಾಲ್ಕು ಜನರ ನಡುವೆ ತೂರಿಕೊಂಡು ಕೂತರು. ಸ್ವಲ್ಪ ಹೊತ್ತಿಗೇ ಅವರ ತಲೆ ಪಕ್ಕದವನ ಹೆಗಲಿಗೆ ವಾಲಿತು. ಅವಳಿಗೆ ಸಿಕ್ಕಿದ್ದು ಬಾಗಿಲ ಪಕ್ಕದ ಮೊದಲ ಸೀಟು. ಸಂಜೆಯ ಗಾಳಿ ನೇರ ಮುಖಕ್ಕೆ ಬರುತ್ತಿತ್ತು. ಗಾಜುಗಳು ಬೆಳಗಿನಂತೆಯೇ ಕಟಕಟಿಸುತ್ತಿದ್ದವು, ಆದರೆ ಈಗ ಅದು ಬರೀ ಬಸ್ಸಿನ ನಡುಕ. ಮೊಣಕಾಲು ಮುಟ್ಟಿ ನೋಡಿಕೊಂಡಳು. ಅಲ್ಲಿ ಏನೂ ಇರಲಿಲ್ಲ. ಬಂಡೆಗಳ ಮೇಲೆ ಬಿಸಿಲು ಕೆಂಪಗೆ ಮಲಗಿತ್ತು. ಹೊಟ್ಟೆ ಹಸಿಯುತ್ತಿತ್ತು, ಬಹಳ ದಿನಗಳಿಂದ ಹಸಿದೇ ಇರಲಿಲ್ಲವೇನೋ ಅನ್ನುವಷ್ಟು.

ಹಾನಗಲ್ಲಿನ ಹತ್ತಿರ ಬಸ್ಸು ನಿಂತಾಗ ಬುಟ್ಟಿ ಹೊತ್ತ ಹೆಂಗಸೊಬ್ಬಳು ಮೆಟ್ಟಿಲಿಗೆ ಕಾಲಿಟ್ಟು, ಬಾಗಿಲಲ್ಲಿ ಮೊದಲು ಕಂಡ ಮುಖವನ್ನೇ ಕೇಳಿದಳು: "ಅಮ್ಮಯ್ಯ, ಇದು ಗೌರಸಮುದ್ರಕ್ಕೆ ಹೋಗ್ತೈತಾ?"

ಜ್ಯೋತಿಲಕ್ಷ್ಮಿ ಅಭ್ಯಾಸದಂತೆ ಹಿಂದೆ ತಿರುಗಿದಳು, ಉತ್ತರಿಸುವವರು ಯಾರಾದರೂ ಇದ್ದಾರೇನೋ ಎಂದು. ಕಂಡಕ್ಟರು ದೂರದಲ್ಲಿದ್ದ. ಹಿಂದಿನ ಸೀಟಿನಲ್ಲಿ ಸರ್ ಬಾಯಿ ತೆರೆದು ಮಲಗಿದ್ದರು. ಹೆಂಗಸು ಒಂದು ಕಾಲು ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟುಕೊಂಡು ಕಾಯುತ್ತಿದ್ದಳು.

"ಇಲ್ಲ," ಅಂದಳು ಜ್ಯೋತಿಲಕ್ಷ್ಮಿ. "ಇದು ಚಳ್ಳಕೆರೆಗೆ ನೆಟ್ಟಗೆ ಹೋಗ್ತೈತೆ. ಗೌರಸಮುದ್ರಕ್ಕೆ ಒಳಗೆ ಹೋಗಲ್ಲ. ಹತ್ತ್ರಿ, ತಳಕಿನಾಗೆ ಇಳೀರಿ, ಅಲ್ಲಿ ಬೇರೆ ಬಸ್ಸು ಸಿಗ್ತೈತೆ. ಕಂಡಕ್ಟರ್‌ಗೆ ಹೇಳಿ ಕೂತ್ಕಳ್ರಿ."

ಹೆಂಗಸು ಬುಟ್ಟಿಯನ್ನು ಅವಳ ಕಾಲ ಬಳಿ ಇಳಿಸಿ ಉಸ್ಸೆಂದಳು. ಬುಟ್ಟಿಯೊಳಗೆ ಎಳೆಯ ಶೇಂಗಾ ಕಾಯಿ, ಇನ್ನೂ ಮಣ್ಣು ಮೆತ್ತಿದ್ದು. ಒಂದು ಹಿಡಿ ತೆಗೆದು, ಕೇಳದೆಯೇ, ಲ್ಯಾಪ್‌ಟಾಪಿನ ಟವೆಲ್ಲಿನ ಮೇಲೆ ಸುರಿದಳು.